ಸ್ವತಃಸಿದ್ಧ ಸತ್ಯವೂ ಶರಣರ ಅರಿವೂ

ತತ್ತ್ವವಿಚಾರವು ಪಂಡಿತರ ಸೊತ್ತೆಂದೂ ಭಕ್ತಿಯು ಮಿಕ್ಕವರ ಪಾಲಿನದೆಂದೂ ಭಾವಿಸುವ ರೂಢಿಯೊಂದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವುದು. ಈ ವಿಭಾಗವು ಯುಕ್ತವಾದುದಲ್ಲ. ಜ್ಞಾನವು ಯಾವ ನೆಲೆಯ ಮೇಲೆ ನಿಂತಿರುವುದೋ ಶ್ರದ್ಧೆಯೂ ಅದೇ ನೆಲೆಯ ಮೇಲೆ ನಿಲ್ಲತಕ್ಕದ್ದು. ಆ ನೆಲೆಯನ್ನು ನಮ್ಮ ಹಿರಿಯರು ಸ್ವತಃಸಿದ್ಧವೆಂದು ಕರೆದರು. ತನ್ನನ್ನು ಸ್ಥಾಪಿಸಿಕೊಳ್ಳುವುದಕ್ಕೆ ಬೇರೊಂದರ ಸಾಕ್ಷ್ಯವನ್ನು ಬೇಡದ ಸತ್ಯವೆಂದು ಅದರ ಅರ್ಥ. ಈ ವಿಚಾರದ ಚರಿತ್ರೆಯು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಭಕ್ತಮಹಾಶಯರಿಗೆ ದೂರದೇಶದ ಮಾತಾಗಬೇಕಾಗಿಲ್ಲ. ಅದರ ಮುಖ್ಯವಾದ ಅಧ್ಯಾಯವೊಂದು ಮೊದಲಾದುದು ಹೊನ್ನಾಳಿಯ ಮಗ್ಗುಲಿನ ಸೀಮೆಯಲ್ಲಿಯೇ.

ಮೊದಲು ಲೋಕವ್ಯವಹಾರದ ಒಂದು ನಿದರ್ಶನವನ್ನು ನೋಡುವ. ನ್ಯಾಮತಿಯ ಪೇಟೆಯಲ್ಲಿ ತಕ್ಕಡಿ ಹಿಡಿದು ಕುಳಿತ ವರ್ತಕನೊಬ್ಬನು ಬೆಲ್ಲದ ಅಚ್ಚನ್ನು ಒಂದು ಕಲ್ಲಿಗೆ ಸರಿದೂಗಿಸುತ್ತಾನೆ. ಅನಂತರ ಅಡಕೆಯನ್ನು ಅದೇ ಕಲ್ಲಿಗೆ ಸರಿದೂಗಿಸುತ್ತಾನೆ. ಬೆಲ್ಲವೂ ಅಡಕೆಯೂ ಸಮತೂಕದವೆಂದು ತಿಳಿಯಲು ಅವೆರಡನ್ನೂ ಎದುರುಬದುರಿಗೆ ಇಟ್ಟು ಮತ್ತೆ ತೂಗುವುದಿಲ್ಲ. ಒಂದೇ ವಸ್ತುವಿಗೆ ಸಮನಾದವು ತಮ್ಮೊಳಗೂ ಸಮನೆಂಬ ಮಾತನ್ನು ಅವನಿಗೆ ಯಾರೂ ಕಲಿಸಿದುದಿಲ್ಲ. ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಗ್ರೀಕ್ ಗಣಿತಜ್ಞನಾದ ಯೂಕ್ಲಿಡನು ರೇಖಾಗಣಿತವನ್ನು ಕಟ್ಟಿದಾಗ ಮೊದಲಲ್ಲಿಟ್ಟುದು ಇಂತಹ ಮಾತುಗಳನ್ನೇ. ಇವನ್ನು ಸಾಧಿಸಿ ತೋರಿಸೆಂದರೆ ಅವನಿಂದಲೂ ಆಗದು, ವರ್ತಕನಿಂದಲೂ ಆಗದು. ಆದರೂ ಇವಿಲ್ಲದೆ ಮುಂದಿನ ಒಂದು ಮಾತೂ ನಿಲ್ಲದು.

ನಮ್ಮ ದೇಶದ ದಾರ್ಶನಿಕರು ಇದೇ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಕೊಂಡೊಯ್ದರು. ಜಗಳೂರಿನ ಬಯಲಿನಲ್ಲಿ ಬೇಸಗೆಯ ನಡುಹಗಲು ನಡೆಯುವ ದಾರಿಗನಿಗೆ ದೂರದಲ್ಲಿ ನೀರು ಕಾಣುತ್ತದೆ ಎಂದಿಟ್ಟುಕೊಳ್ಳೋಣ. ಅದು ನೀರೋ ಬಿಸಿಲ್ಗುದುರೆಯೋ? ನೈಯಾಯಿಕರು ಹೇಳುವುದೇನೆಂದರೆ, ಅವನು ಅಲ್ಲಿಗೆ ಹೋಗಿ ಕುಡಿದು ಬಾಯಾರಿಕೆ ಹಿಂಗಿದ ಮೇಲೆಯೇ ಆ ತಿಳಿವು ನಿಜವೆಂದು ನಿಶ್ಚಯವಾಗುವುದು. ತಿಳಿವಿನ ಪ್ರಾಮಾಣ್ಯವು ಹೊರಗಿನಿಂದ ಬರತಕ್ಕದ್ದು. ಇದು ಪರತಃಪ್ರಾಮಾಣ್ಯವಾದ. ಏಳನೆಯ ಶತಮಾನದ ಕುಮಾರಿಲಭಟ್ಟರು ಮೊದಲಾದ ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಒಂದು ತಿಳಿವನ್ನು ನಿಜಗೊಳಿಸಲು ಇನ್ನೊಂದು ತಿಳಿವು ಬೇಕಾದರೆ, ಆ ಇನ್ನೊಂದಕ್ಕೆ ಮತ್ತೊಂದು ಬೇಕು. ಹೀಗೆ ಕೊನೆಯೇ ಇಲ್ಲದ ಅನವಸ್ಥೆಯುಂಟಾಗುವುದು. ಬಾಯಾರಿಕೆ ಹಿಂಗಿತೆಂಬ ತಿಳಿವನ್ನಾದರೂ ನಂಬಲೇಬೇಕಷ್ಟೆ! ಆದುದರಿಂದ ತಿಳಿವು ತಾನಾಗಿಯೇ ಪ್ರಮಾಣವು. ಬಾಧಕವೊಂದು ಎದುರಾದಾಗ ಮಾತ್ರ ಅದು ಬಿದ್ದುಹೋಗುವುದು ಎಂಬುದು ಅವರ ಸ್ವತಃಪ್ರಾಮಾಣ್ಯವಾದ. ನಮ್ಮ ಮಟ್ಟಿಗೆ ಈ ಎರಡನೆಯ ಪಕ್ಷವೇ ಬಲವಾದುದೆಂದು ತೋರುವುದು. ಆದರೆ ಮೀಮಾಂಸಕರು ಈ ನ್ಯಾಯವನ್ನು ಮುಖ್ಯವಾಗಿ ದುಡಿಸಿಕೊಂಡುದು ವೇದವಾಕ್ಯದ ಪ್ರಾಮಾಣ್ಯಕ್ಕಾಗಿ. ಆ ವಾಕ್ಯವನ್ನು ಓದುವ ಅಧಿಕಾರವೇ ಇಲ್ಲವೆಂದು ಹೊರಗಿರಿಸಲ್ಪಟ್ಟವರಿಗೆ ಇದರಿಂದ ಆದ ಲಾಭವೇನು? ಈ ಪ್ರಶ್ನೆಗೆ ಉತ್ತರವು ಬಂದುದು ಹನ್ನೆರಡನೆಯ ಶತಮಾನದಲ್ಲಿ, ಕನ್ನಡದಲ್ಲಿ.

ಹೊನ್ನಾಳಿ ಸೀಮೆಗೆ ತಾಗಿದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಆ ಕಾಲದಲ್ಲಿ ಎಂತಹ ವಿದ್ಯಾಕೇಂದ್ರವಾಗಿತ್ತೆಂಬುದನ್ನು ಅಲ್ಲಿನ ಕೇದಾರೇಶ್ವರನಿಗೆ ಸೇರಿದ ಕೋಡಿಯಮಠದ ಶಾಸನವು ತಿಳಿಸುತ್ತದೆ. ಕ್ರಿ. ಶ. 1162ರ ಈ ಶಾಸನವು, ಆ ಮಠದಲ್ಲಿ ವ್ಯಾಕರಣಗಳೂ, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯ ಬೌದ್ಧಾದಿ ದರ್ಶನಗಳೂ, ಲಾಕುಳಸಿದ್ಧಾಂತವೂ, ಪಾತಂಜಲ ಯೋಗವೂ, ಪುರಾಣಗಳೂ ವ್ಯಾಖ್ಯಾನಿಸಲ್ಪಡುತ್ತಿದ್ದುವೆಂದು ವರ್ಣಿಸುತ್ತದೆ. ಅಷ್ಟೇ ಅಲ್ಲ, ದೀನರಿಗೂ ಅನಾಥರಿಗೂ ಕುರುಡರಿಗೂ ಕಿವುಡರಿಗೂ ಅಲ್ಲಿ ಅನ್ನದಾನವಿತ್ತು, ರೋಗಿಗಳಿಗೆ ಚಿಕಿತ್ಸೆಯಿತ್ತು, ಎಲ್ಲ ಪ್ರಾಣಿಗಳಿಗೂ ಅಭಯವಿತ್ತು. ಶೈವಮಠವೊಂದರಲ್ಲಿ ಬೌದ್ಧದರ್ಶನದ ಪಾಠವು ನಡೆಯುತ್ತಿತ್ತೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ತನ್ನ ನಂಬುಗೆಯ ನೆಲೆ ಗಟ್ಟಿಯೆಂದು ಬಲ್ಲವನೇ ಪರಮತವನ್ನು ತನ್ನ ಮನೆಯೊಳಕ್ಕೆ ಕರೆದು ಕೂರಿಸುವನು.

ಅದೇ ಬಳ್ಳಿಗಾವಿಯು ಅಲ್ಲಮಪ್ರಭುದೇವರ ಊರು. ಹರಿಹರ ಮಹಾಕವಿಯ ಪ್ರಭುದೇವರ ರಗಳೆಯಲ್ಲಿ ಬರುವ ಕಥೆಯು ನಮ್ಮವರಲ್ಲಿ ಅನೇಕರಿಗೆ ತಿಳಿದುದೇ ಆಗಿದೆ. ಮದ್ದಳೆಯ ವಿದ್ಯೆಯಲ್ಲಿ ನಿಪುಣರಾಗಿದ್ದ ಅಲ್ಲಮರು ಒಲಿದ ಕಮಲತೆಯನ್ನು ಕಳೆದುಕೊಂಡು ಮರುಳಾದಂತೆ ತೋಟದಲ್ಲಿ ಕುಳಿತಿರುವಾಗ, ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರಲು, ಮಣ್ಣಿನೊಳಗೆ ಹೊನ್ನಕಳಸವೊಂದು ಕಾಣಿಸಿತು. ಅಗೆಯಿಸಿದರೆ ಕೆಳಗೆ ದೇಗುಲ; ಒಳಗೆ ಕರಸ್ಥಲದ ಲಿಂಗವನ್ನು ಎವೆಯಿಕ್ಕದೆ ನೋಡುತ್ತ ಕುಳಿತ ಅನಿಮಿಷಯ್ಯ. ಆ ಲಿಂಗವು ಅಲ್ಲಮರ ಕೈಗೆ ಬಂದಿತು, ಅನಿಮಿಷಯ್ಯನ ಪ್ರಾಣವು ಬಯಲಾಯಿತು. ಇಲ್ಲಿ ಗುರುವು ಶಾಸ್ತ್ರವನ್ನು ಹೇಳಲಿಲ್ಲ, ವಾದವನ್ನು ಮಾಡಲಿಲ್ಲ. ದೇಗುಲವನ್ನು ಅಲ್ಲಮರು ಕಟ್ಟಲೂ ಇಲ್ಲ. ಅದು ಮೊದಲೇ ಇದ್ದಿತು, ಮೇಲಿನ ಮಣ್ಣು ಸರಿಯಬೇಕಾಗಿದ್ದಿತು. ಸ್ವತಃಸಿದ್ಧವಾದುದರ ಲಕ್ಷಣವನ್ನು ಪ್ರಮಾಣಗ್ರಂಥಗಳು ಪುಟಗಟ್ಟಲೆ ಬರೆದು ತಿಳಿಸುವುದಕ್ಕಿಂತ ಈ ಕಥೆಯು ಸುಲಭವಾಗಿ ತಿಳಿಸುವುದೆಂದು ನಮ್ಮ ಭಾವನೆ.

ಶರಣರು ಇದನ್ನು ಅರಿವು ಎಂದರು. ನಾನು ಇಲ್ಲವೆಂದು ಯಾವನೂ ಹೇಳಲಾರನು, ಹಾಗೆ ಹೇಳುವವನೇ ಅವನಾದುದರಿಂದ ಎಂದು ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಯುಕ್ತಿಯನ್ನು ತೋರಿಸಿದ್ದರು. ಫ್ರಾನ್ಸ್ ದೇಶದ ಡೆಕಾರ್ಟನು ಎಲ್ಲವನ್ನೂ ಸಂಶಯಿಸಿ, ಸಂಶಯಿಸುವ ತಾನೊಬ್ಬನನ್ನು ಸಂಶಯಿಸಲಾರದೆ 1641ರ ತನ್ನ ಗ್ರಂಥದಲ್ಲಿ ಅಲ್ಲಿಯೇ ನೆಲೆನಿಂತನು. ಆದರೆ ಇಬ್ಬರದೂ ವಿದ್ವಾಂಸರ ಭಾಷೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮನವರು ತಮ್ಮ ಕಾಯಕದ ಮಾತಿನಲ್ಲಿಯೇ ಅರಿವನ್ನು ಕುರಿತು ನುಡಿದುದು ಜಗತ್ತಿನ ಚರಿತ್ರೆಯಲ್ಲಿ ಅಪೂರ್ವವಾದ ಸಂಗತಿ.

ಇಷ್ಟರಿಂದಲೇ ವಿಚಾರವು ಮುಗಿಯಿತೆಂದು ತಿಳಿಯಬಾರದು. ನನಗೆ ಇದು ಸ್ವತಃಸಿದ್ಧವಾಗಿದೆ ಎಂದು ಯಾವನೂ ಹೇಳಿಕೊಳ್ಳಬಹುದಷ್ಟೆ? ಬಹುಕಾಲದ ಅಭ್ಯಾಸದಿಂದ ಸಹಜವೆಂದು ತೋರುವ ಮಾತಿಗೂ ನಿಜವಾಗಿ ತಾನೇ ಬೆಳಗುವ ಮಾತಿಗೂ ಹೊರನೋಟಕ್ಕೆ ಭೇದವು ಕಾಣದು. ಯೂಕ್ಲಿಡನ ಐದನೆಯ ನಿಯಮವನ್ನು, ಎಂದರೆ ಸಮಾನಾಂತರ ರೇಖೆಗಳ ವಿಷಯವಾದುದನ್ನು, ಎರಡು ಸಾವಿರ ವರ್ಷಗಳವರೆಗೆ ನಿಜವೆಂದೇ ನಂಬಿದ್ದರು. 1829ರಲ್ಲಿ ರಷ್ಯದ ಲೊಬಚೆವ್‌ಸ್ಕಿಯೂ 1832ರಲ್ಲಿ ಹಂಗೆರಿಯ ಬೊಯ್ಯಾಯಿಯೂ ಅದನ್ನು ಬಿಟ್ಟು ಬೇರೊಂದು ರೇಖಾಗಣಿತವನ್ನೇ ಕಟ್ಟಬಹುದೆಂದು ಪ್ರಕಟಿಸಿದರು. 1776ರಲ್ಲಿ ಅಮೆರಿಕೆಯವರು ತಮ್ಮ ಸ್ವಾತಂತ್ರ್ಯದ ಘೋಷಣಪತ್ರದಲ್ಲಿ ಮನುಷ್ಯರೆಲ್ಲರೂ ಸಮಾನರೆಂಬುದು ಸ್ವತಃಸಿದ್ಧ ಸತ್ಯವೆಂದು ಸಾರಿದರು. ಆ ಪತ್ರಕ್ಕೆ ಸಹಿ ಹಾಕಿದವರಲ್ಲಿ ಅನೇಕರ ಮನೆಯಲ್ಲಿ ಗುಲಾಮರಿದ್ದರು, ಆ ದೇಶದಲ್ಲಿ ಗುಲಾಮಗಿರಿಯು ಕಾಯಿದೆಯಿಂದ ನಿಂತುದು 1865ರಲ್ಲಿ. ಕಲ್ಯಾಣದಲ್ಲಿಯಾದರೋ ಹುಟ್ಟಿನಿಂದ ಮೇಲುಕೀಳೆಂಬುದೇ ಸ್ವತಃಸಿದ್ಧವೆಂದು ಲೋಕವು ನಂಬಿದ್ದಿತು. ಶರಣರು ಅದನ್ನು ಅಲ್ಲಗಳೆದು, ಹರಳಯ್ಯನವರ ಮತ್ತು ಮಧುವರಸರ ಮಕ್ಕಳಿಗೆ ಮದುವೆಯಾಯಿತೆಂದೂ, ಅದಕ್ಕಾಗಿ ಆ ಇಬ್ಬರು ತಂದೆಯರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದೂ ನಮ್ಮ ಪುರಾಣಗಳು ಹೇಳುವುವು. ಹೇಳಿದ ಮಾತನ್ನು ನಡೆಯಲ್ಲಿ ತೋರಿಸಿದವರು ಯಾರು, ಪತ್ರದಲ್ಲಿ ಬರೆದು ಬಿಟ್ಟವರು ಯಾರು ಎಂಬುದನ್ನು ವಾಚಕರೇ ತೂಗಿ ನೋಡಲಿ.

ಈಗ ಚನ್ನಗಿರಿ ಸೀಮೆಯವರಿಗೆ ಆಪ್ತವಾದ ಒಂದು ಪ್ರಸಂಗಕ್ಕೆ ಬರುವೆವು. ಕೆರೆಯನ್ನು ಕಟ್ಟುವುದೆಂದರೆ ಏನೆಂಬುದನ್ನು ಆ ಜನರಿಗೆ ಹೇಳಬೇಕಾಗಿಲ್ಲ. ಹರಿದ್ರಾವತಿಯ ಹೊಳೆಯನ್ನು ಎರಡು ಗುಡ್ಡಗಳ ನಡುವೆ ತಡೆದು ಕಟ್ಟಿದ, ಸುಮಾರು 40 ಮೈಲಿ ಸುತ್ತಳತೆಯುಳ್ಳದ್ದೆಂದು ಪ್ರಸಿದ್ಧವಾದ ಸೂಳೆಕೆರೆಯು, ಎಂದರೆ ಶಾಂತಿಸಾಗರವು, ಅವರ ಕಣ್ಣೆದುರಿಗಿದೆ; ಶಾಂತವ್ವೆಯೆಂಬ ರಾಜಕುಮಾರಿಯು ಅದನ್ನು ಕಟ್ಟಿಸಿದಳೆಂಬ ಕಥೆಯು ಮನೆಮನೆಯಲ್ಲಿದೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಇಂತಹದೇ ಮಹಾಕಾರ್ಯವನ್ನು ಕೈಕೊಂಡಿದ್ದರು. ಶ್ರೀಶೈಲದ ಮಲ್ಲಿಕಾರ್ಜುನನ ಕೃಪೆಯನ್ನು ಪಡೆದ ಆ ಕರ್ಮಯೋಗಿಗಳು ಕೆರೆಯನ್ನು ತೋಡಿಸಿ, ಗುಡಿಗಳನ್ನು ಕಟ್ಟಿಸಿ, ಸಾವಿರಾರು ಜನರನ್ನು ಆ ಪುಣ್ಯಕಾರ್ಯದಲ್ಲಿ ತೊಡಗಿಸಿದ್ದರು. ಕೆರೆಯಿಂದ ಲೋಕಕ್ಕೆ ಹಿತವೆಂಬುದರಲ್ಲಿ ಸಂಶಯವೇನಿದೆ? ಅದು ತಾನೇ ತಾನಾಗಿ ತೋರುವ ಸತ್ಯ.

ಅಲ್ಲಿಗೆ ಪ್ರಭುದೇವರು ಬಂದರು. ಶೂನ್ಯಸಂಪಾದನೆಯ ಪ್ರಕಾರ, ಅವರು ಸಿದ್ಧರಾಮರನ್ನು ಮಣ್ಣಗೆಯುವವನೆಂಬಂತೆ ಹಗುರವಾಗಿ ಕರೆಯಲು, ಕೆಲಸದವರು ಸಿಟ್ಟಾಗಿ ಕಲ್ಲುಗಳನ್ನು ಬೀರಿದರು. ಕಲ್ಲುಗಳು ಅವರನ್ನು ತಾಗಲಿಲ್ಲ. ಸಿದ್ಧರಾಮರು ಕೋಪದಿಂದಲೇ ಬಂದರು. ಅನಂತರ ನಡೆದ ಸಂವಾದದ ತಿರುಳು ಇಷ್ಟು: ಕೆರೆಯನ್ನು ಕಟ್ಟಿಸಿದೆನೆಂಬ ನಾನು ಯಾರು? ನೀರು ಹಿತವೆಂಬುದನ್ನು ತಿಳಿದವನು ತನ್ನನ್ನು ತಿಳಿದನೆ? ಲೋಕಹಿತವನ್ನು ಪ್ರಭುದೇವರು ನಿರಾಕರಿಸಿದರೆಂದು ಕೆಲವರು ಅರ್ಥಮಾಡುವುದುಂಟು. ಅದು ಅವಸರದ ಓದು. ಕೆರೆಯನ್ನು ಒಡೆಯೆಂದು ಅವರು ಹೇಳಲಿಲ್ಲ. ಸತ್ಕಾರ್ಯದ ಸ್ಪಷ್ಟತೆಯು ಅದನ್ನು ಮಾಡುವವನ ಅಹಂಕಾರವನ್ನು ಮುಚ್ಚಿಬಿಡಬಾರದೆಂಬುದೇ ಅವರ ಆಕ್ಷೇಪ. ಸಿದ್ಧರಾಮರ ದೊಡ್ಡಸ್ತಿಕೆಯಾದರೂ ಎಷ್ಟರದು! ನೂರಾರು ಜನರ ಮುಂದೆ, ತಮ್ಮ ಊರಿನಲ್ಲಿ, ತಮ್ಮದೇ ಕೆರೆಯ ಬಳಿಯಲ್ಲಿ, ಬಂದ ಪರಸ್ಥಳದವರ ಪ್ರಶ್ನೆಯನ್ನು ಒಪ್ಪಿಕೊಂಡು ಅವರೊಡನೆ ಕಲ್ಯಾಣಕ್ಕೆ ಹೊರಟರು.

ಕಲ್ಯಾಣದಲ್ಲಿ ಎದ್ದ ಪ್ರಶ್ನೆಯೇ ನಮ್ಮ ವಿಷಯದ ಮರ್ಮಸ್ಥಾನವು. ಸಿದ್ಧರಾಮರ ಅಂಗದ ಮೇಲೆ ಇಷ್ಟಲಿಂಗವಿರಲಿಲ್ಲ. ಅರಿವು ತಾನಾಗಿಯೇ ಬೆಳಗಿದವನಿಗೆ ಕುರುಹು ಬೇಕೆ? ಬೇಕೆಂದರೆ ಅರಿವು ಸ್ವತಃಸಿದ್ಧವಲ್ಲವೆಂದಂತಾಗುವುದು. ಬೇಡವೆಂದರೆ ಶರಣಮಾರ್ಗದ ಆಚಾರವೇ ಸಡಿಲುವುದು. ಈ ಸಂದಿಗ್ಧವು ಎಷ್ಟು ತೀವ್ರವಾದುದೆಂದರೆ, 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಶೂನ್ಯಸಂಪಾದನೆಯನ್ನು ಮೊದಲು ಸಂಕಲಿಸಿದ ಮೇಲೆ, ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರ ಸಿದ್ಧವೀರಣ್ಣೊಡೆಯರು ಹೀಗೆ ಮತ್ತೆ ಮೂವರು ಅದನ್ನು ಮರಳಿ ಸಂಪಾದಿಸಿದರು. ಸಿದ್ಧರಾಮರ ದೀಕ್ಷೆಯ ಪ್ರಸಂಗವು ಈ ನಾಲ್ಕರಲ್ಲಿ ಒಂದೇ ಬಗೆಯಾಗಿಲ್ಲ. ಚೆನ್ನಬಸವಣ್ಣನವರಿಂದ ದೀಕ್ಷೆಯಾಯಿತೆಂಬ ನಿರೂಪಣೆಯೇ ಜನರಲ್ಲಿ ಹೆಚ್ಚು ರೂಢವಾಯಿತು. ಧರ್ಮಗ್ರಂಥವೊಂದರಲ್ಲಿ ಇಂತಹ ಭಿನ್ನಪಾಠಗಳಿರುವುದನ್ನು ಕುಂದೆಂದು ಎಣಿಸುವವರಿದ್ದಾರೆ. ನಾವಾದರೋ ಅದನ್ನು ಆ ಹಿರಿಯರ ಪ್ರಾಮಾಣಿಕತೆಯ ಗುರುತೆಂದು ಭಾವಿಸುವೆವು. ಕಠಿಣವಾದ ಪ್ರಶ್ನೆಯನ್ನು ಅವರು ಮುಚ್ಚಿಡಲಿಲ್ಲ.

ನಮ್ಮ ಅಭಿಪ್ರಾಯವನ್ನೂ ಹೇಳಬೇಕಾದರೆ, ಕುರುಹು ಅರಿವಿಗೆ ಸಾಕ್ಷಿಯಾಗಿ ಬಂದುದಲ್ಲ. ದೀಪವನ್ನು ನೋಡಲು ಇನ್ನೊಂದು ದೀಪವು ಬೇಡವೆಂಬ ಮಾತು ಅಲ್ಲಿಗೆ ನಿಜವೇ. ಆದರೆ ತನ್ನಲ್ಲಿ ದೀಪವಿದೆಯೆಂದು ಹೇಳಿಕೊಳ್ಳುವ ಮನುಷ್ಯನಿಗೆ ಪರೀಕ್ಷೆಯು ಬೇಕು. ಕೈಯಲ್ಲಿ ಲಿಂಗವನ್ನು ಹಿಡಿದವನು ದಿನದಿನವೂ ಒಂದು ನಿಯಮಕ್ಕೆ, ಶರಣರ ಗೋಷ್ಠಿಗೆ, ಕಾಯಕಕ್ಕೆ ಒಳಪಡುತ್ತಾನೆ. ಅವನ ನುಡಿಯನ್ನು ನಡೆಯೊಡನೆ ಹೋಲಿಸಿ ನೋಡುವ ಅಧಿಕಾರವು ಉಳಿದವರಿಗೆ ಬರುವುದು. ಸಿದ್ಧರಾಮರನ್ನು ಪ್ರಶ್ನಿಸಿದ ಪ್ರಭುದೇವರೂ ಅನಿಮಿಷಯ್ಯನ ಕರಸ್ಥಲದಿಂದ ಕುರುಹನ್ನು ಪಡೆದವರೇ ಎಂಬುದನ್ನು ಮರೆಯಲಾಗದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇಷ್ಟೇಕೆಂದು ಕೇಳಿ, ಹೆಚ್ಚಾದುದನ್ನು ತಂದೆಡೆಯಲ್ಲಿಯೇ ಸುರಿದು ಬರಹೇಳಿದವರು ಪತ್ನಿಯಾದ ಲಕ್ಕಮ್ಮನವರು. ಬೇಕಾದುದಕ್ಕಿಂತ ಹೆಚ್ಚನ್ನು ಬಯಸುವುದು ಆಸೆಯೆಂಬುದಕ್ಕೆ ಆಕೆ ಯಾವ ಗ್ರಂಥದ ಆಧಾರವನ್ನೂ ಅರಸಲಿಲ್ಲ. ಪತಿಯೂ ಮರುಮಾತಾಡದೆ ಹಿಂದಿರುಗಿದನು. ಮನೆಯ ಹೊಸ್ತಿಲಲ್ಲಿ ನಡೆದ ಅನುಭವಮಂಟಪವೆಂದು ಇದನ್ನು ಕರೆಯಬಹುದು.

ಈ ಗೋಷ್ಠಿಯ ಪದ್ಧತಿಯು ನಮ್ಮ ಸೀಮೆಯಲ್ಲಿ ಬತ್ತಿಹೋಗಿಲ್ಲ. ಜಗಳೂರಿನಲ್ಲಿ 1950ರಲ್ಲಿ ಮೊದಲುಗೊಂಡ ತರಳಬಾಳು ಹುಣ್ಣಿಮೆಯ ಮಹೋತ್ಸವವು ಊರಿಂದೂರಿಗೆ ಸಂಚರಿಸುತ್ತ, ನಾನಾ ಮತಗಳ ವಿದ್ವಾಂಸರನ್ನು ಒಂದೇ ವೇದಿಕೆಯ ಮೇಲೆ ಕೂರಿಸುತ್ತ ಬಂದಿದೆ. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದಿತು; ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದುವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಇವು ಒಂದಾದುವು, ನ್ಯಾಮತಿಯು ತಾಲ್ಲೂಕಾದುದು ಇನ್ನೂ ಈಚೆಗೆ. ಜಿಲ್ಲೆಯ ಗಡಿಗಳು ಬದಲಾದರೂ ಕೇಳುವ ಜನರು ಅವರೇ.

ವಚನಗಳೂ ಶೂನ್ಯಸಂಪಾದನೆಯೂ ಬಹುಕಾಲ ಮಠಗಳ ಮತ್ತು ಮನೆಗಳ ತಾಡವೋಲೆಯ ಕಟ್ಟುಗಳಲ್ಲಿಯೇ ಇದ್ದುವು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಗೂಳೂರ ಸಿದ್ಧವೀರಣ್ಣೊಡೆಯರ ಸಂಪಾದನೆಯನ್ನು ಸಂ. ಶಿ. ಭೂಸನೂರಮಠರು 1958ರಲ್ಲಿ ಪರಿಷ್ಕರಿಸಿ ಪ್ರಕಟಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು 1965ರಿಂದ 1972ರ ವರೆಗೆ ಅದನ್ನು 5 ಸಂಪುಟಗಳಲ್ಲಿ ಇಂಗ್ಲಿಷಿಗೆ ಭಾಷಾಂತರಿಸಿ ಅಚ್ಚುಮಾಡಿಸಿತು. ಸೊನ್ನಲಿಗೆಯ ಕೆರೆಯ ಬಳಿ ನಡೆದ ಆ ಸಂವಾದವನ್ನು ಈಗ ಕನ್ನಡವನ್ನರಿಯದವರೂ ಓದಬಹುದಾಗಿದೆ.