ಚೌಳು ಮಣ್ಣಿನಿಂದ ಗ್ಯಾಸಿನವರೆಗೆ: ನೀಲಗುಂದ ಸೀಮೆಯಲ್ಲಿ ಮನೆ ತಂಪಿನ ದುರಸ್ತಿ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಿಂದ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳವರೆಗೆ ಹಬ್ಬಿರುವ ಬಯಲುಸೀಮೆಯು 1953ರವರೆಗೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 2021ರಿಂದ ಅದು ವಿಜಯನಗರ ಜಿಲ್ಲೆಯ ಭಾಗವಾಗಿದೆ. ಆಡಳಿತದ ಗಡಿಗಳು ಹೇಗೆ ಬದಲಾದರೂ ಇಲ್ಲಿನ ಬಿಸಿಲು ಬದಲಾಗಲಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ತಾಪ 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರುತ್ತದೆ, ಗಾಳಿಯಲ್ಲಿ ತೇವ ಕಡಿಮೆಯಿರುತ್ತದೆ, ಕತ್ತಲಾದ ಮೇಲೆ ಬಯಲು ಬೇಗ ಆರುತ್ತದೆ. ಇಂತಹ ಹವೆಯಲ್ಲಿ ಮನೆಯನ್ನು ತಂಪಾಗಿರಿಸಲು ಹಗಲಿನ ಬಿಸಿಯನ್ನು ಹೊರಗೇ ತಡೆಯಬೇಕು ಮತ್ತು ಇರುಳಿನ ತಂಪನ್ನು ಒಳಗೆ ಬರಮಾಡಿಕೊಳ್ಳಬೇಕು. ನೀಲಗುಂದದ ಭೀಮೇಶ್ವರ ದೇವಾಲಯದಂತಹ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳ ಒಳಮಂಟಪ ನಡುಹಗಲಲ್ಲೂ ತಣ್ಣಗಿರುವುದು ದಪ್ಪ ಕಲ್ಲು ಮತ್ತು ಕಡಿಮೆ ಕಿಂಡಿಗಳಿಂದ. ಊರಿನ ಮನೆಗಳು ಇದೇ ಕೆಲಸವನ್ನು ಮಣ್ಣಿನಿಂದ ಮಾಡಿಸಿಕೊಂಡವು.

ಈ ಸೀಮೆಯ ಹಳೆಯ ಮನೆಗಳು ಬಹುಮಟ್ಟಿಗೆ ಮಣ್ಣಿನ ಮಾಳಿಗೆಯವು. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಕಟ್ಟಿಗೆಯ ಸೀಳು ಅಥವಾ ಕಲ್ಲಿನ ಹಾಸು, ಅದರ ಮೇಲೆ ಸೊಪ್ಪಿನ ಹೊದಿಕೆ, ಎಲ್ಲಕ್ಕೂ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು ಎಂಬುದು ಮಾಳಿಗೆ ಕಟ್ಟುವ ಕ್ರಮ. ಈ ದಪ್ಪ ಪದರದ ಮೂಲಕ ಮಧ್ಯಾಹ್ನದ ಬಿಸಿ ಕೆಳಗಿಳಿಯಲು ಹಲವು ಗಂಟೆಗಳು ಬೇಕಾದ್ದರಿಂದ ಅದು ಒಳಗೆ ಮುಟ್ಟುವ ಹೊತ್ತಿಗೆ ಹೊರಗೆ ಇರುಳಾಗಿರುತ್ತಿತ್ತು. ಅಷ್ಟರಲ್ಲಿ ಮನೆಮಂದಿ ಮಾಳಿಗೆಯ ಮೇಲೆ ಅಥವಾ ಅಂಗಳದಲ್ಲಿ ಹಾಸಿಗೆ ಹಾಸಿರುತ್ತಿದ್ದರು. ಮಾಳಿಗೆಯ ನಡುವೆ ಬೆಳಕಿಗೂ ಹೊಗೆ ಹೋಗುವುದಕ್ಕೂ ಬಿಡುತ್ತಿದ್ದ ಬೆಳಕಿಂಡಿ, ಒಳಗೆ ಮೇಲೇರಿದ ಬಿಸಿಗಾಳಿಗೂ ದಾರಿಯಾಗುತ್ತಿತ್ತು.

ಈ ತಂಪು ಒಮ್ಮೆ ಕಟ್ಟಿಟ್ಟರೆ ಉಳಿಯುವಂಥದ್ದಾಗಿರಲಿಲ್ಲ, ಅದಕ್ಕೆ ವರ್ಷವರ್ಷವೂ ದುರಸ್ತಿ ಬೇಕಾಗಿತ್ತು. ಇಲಿ, ಹೆಗ್ಗಣ, ಇರುವೆಗಳು ತೋಡಿದ ತೂತು, ಬಿಸಿಲಿಗೆ ಬಿಟ್ಟ ಬಿರುಕು, ಹುಲ್ಲಿನ ಬೇರು ಇವೆಲ್ಲ ಮಳೆ ಬಿದ್ದೊಡನೆ ಸೋರಿಕೆಯಾಗಿ ಕಾಣಿಸಿಕೊಳ್ಳುತ್ತಿದ್ದವು. ಆದ್ದರಿಂದ ಮುಂಗಾರಿಗೆ ಮುನ್ನ, ರೋಹಿಣಿ, ಮೃಗಶಿರಾ ಮಳೆಗಳು ಹಿಡಿಯುವುದರೊಳಗೆ, ಮಾಳಿಗೆಯ ಹುಲ್ಲು ಕಿತ್ತು, ತೂತುಗಳನ್ನು ಕೆದಕಿ ತುಂಬಿ, ಮೇಲೆ ಚೌಳು ಮಣ್ಣು ಹರಡಿ, ನೀರು ಚಿಮುಕಿಸಿ ಬಡಿದು, ನೀರಿಳಿಯುವ ದೋಣಿಯ ಕಡೆಗೆ ಇಳಿಜಾರು ಸರಿಮಾಡುತ್ತಿದ್ದರು. ಚೌಳು ಮಣ್ಣೆಂದರೆ ಬೆಳೆಗೆ ಒಗ್ಗದ, ಸೋಡಿಯಂ ಲವಣ ಹೆಚ್ಚಿರುವ ಮಣ್ಣು. ನೀರು ತಾಗಿದಾಗ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿಕೊಂಡು ಸಂದುಗಳನ್ನು ಮುಚ್ಚುತ್ತವೆ, ಲವಣದ ದೆಸೆಯಿಂದ ಹುಲ್ಲೂ ಸುಲಭವಾಗಿ ಚಿಗುರುವುದಿಲ್ಲ. ಹೊಲಕ್ಕೆ ಶಾಪವಾದ ಮಣ್ಣನ್ನೇ ಮನೆಯ ತಲೆಗೆ ಕಾವಲಾಗಿ ಏರಿಸಿದ ಈ ತಿಳಿವಳಿಕೆ ಪ್ರಯೋಗಾಲಯದಿಂದ ಬಂದುದಲ್ಲ, ತಲೆಮಾರುಗಳ ಗಮನದಿಂದ ಬಂದುದು, ಮತ್ತು ಅದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಬ್ರಿಟಿಷರ ಕಾಲದಲ್ಲಿ ಬಳ್ಳಾರಿಯ ದಂಡಿನ ಪ್ರದೇಶದಂತಹ ಕಡೆ ಅಧಿಕಾರಿಗಳ ಬಂಗಲೆಗಳಲ್ಲಿ ಬೇರೊಂದು ಏರ್ಪಾಡು ನಡೆಯುತ್ತಿತ್ತು. ಬಾಗಿಲಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ ಅದನ್ನು ಒದ್ದೆಯಾಗಿಟ್ಟರೆ, ಒಣಗಾಳಿ ಅದರ ಮೂಲಕ ಹಾಯುವಾಗ ನೀರು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಹೀರಿಕೊಳ್ಳುತ್ತದೆ. ಅಲ್ಲಿ ತಟ್ಟಿಗೆ ನೀರು ಹೊಯ್ಯುವುದೂ ಚಾವಣಿಗೆ ತೂಗಿದ ಪಂಖಾದ ಹಗ್ಗ ಎಳೆಯುವುದೂ ಆಳುಗಳ ಪಾಲಿಗಿತ್ತು, ತಂಪು ದೊರೆಗಳ ಪಾಲಿಗಿತ್ತು. ಮುಂದೆ ವಿದ್ಯುತ್ತು ಬಂದು ಆ ಕೈಗಳ ಜಾಗದಲ್ಲಿ ಫ್ಯಾನು ಮತ್ತು ಸಣ್ಣ ಪಂಪು ಕೂತಾಗ ಅದೇ ತತ್ತ್ವ ಏರ್ ಕೂಲರ್ ಎನಿಸಿತು. ಒಣಹವೆಯ ಈ ತಾಲ್ಲೂಕುಗಳಿಗೆ ಅದು ಚೆನ್ನಾಗಿ ಒಗ್ಗಿತು.

ಏಸಿಯ ತತ್ತ್ವ ಬೇರೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಕಾಗದ ತೇವಕ್ಕೆ ಹಿಗ್ಗಿ ಕುಗ್ಗುವುದನ್ನು ತಡೆಯಲು ರೂಪಿಸಿದ ಯಂತ್ರದಿಂದ ಇದರ ಆಧುನಿಕ ಚರಿತ್ರೆ ಆರಂಭವಾಗುತ್ತದೆ. ಭಾರತದಲ್ಲಿ 1943ರಲ್ಲಿ ಬ್ಲೂಸ್ಟಾರ್, 1954ರಲ್ಲಿ ವೋಲ್ಟಾಸ್ ಸ್ಥಾಪನೆಯಾದರೂ ಹಲವು ದಶಕ ಏಸಿ ಮಹಾನಗರಗಳ ಕಚೇರಿ, ಹೋಟೆಲು, ಚಿತ್ರಮಂದಿರಗಳ ಸೊತ್ತಾಗಿತ್ತು. ಸಣ್ಣ ಊರುಗಳ ಮನೆಗಳಿಗೆ ಅದು ಇಳಿದುದಕ್ಕೆ ಆದಾಯದ ಏರಿಕೆಯಷ್ಟೇ ಕಾರಣವಲ್ಲ. ಮಾಳಿಗೆಯ ಜಾಗದಲ್ಲಿ ಆರ್‌ಸಿಸಿ ಬಂದುದು ಅದಕ್ಕಿಂತ ಹೆಚ್ಚು ಗಮನಿಸಬೇಕಾದ ಕಾರಣ. ನಾಲ್ಕೈದು ಅಂಗುಲ ದಪ್ಪದ ಸಿಮೆಂಟಿನ ಚಾವಣಿ ಸುಲಭವಾಗಿ ಸೋರುವುದಿಲ್ಲ, ವರ್ಷವರ್ಷದ ಮಣ್ಣಿನ ಕೆಲಸ ಬೇಡುವುದಿಲ್ಲ, ಮಾಳಿಗೆ ಕುಸಿಯುವ ಭಯವನ್ನೂ ನೀಗಿಸಿತು. ಇವು ದೊಡ್ಡ ಲಾಭಗಳೇ. ಆದರೆ ಅದು ಹಗಲಿಡೀ ಹೀರಿದ ಬಿಸಿಯನ್ನು ಮಲಗುವ ಹೊತ್ತಿಗೆ ಒಳಗೆ ಬಿಡುತ್ತದೆ. ಮೇಲಂತಸ್ತಿನ ಕೋಣೆಗೆ ಒಂದು ಟನ್ ಏಸಿ ಸಾಲದೆ ಒಂದೂವರೆ ಟನ್ನಿನದು ಬೇಕೆನ್ನುವುದು ಇದರಿಂದಲೇ. ಇಲ್ಲಿ ಟನ್ ಎಂಬುದು ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು, ಅಂದರೆ ಸುಮಾರು 3.5 ಕಿಲೋವಾಟ್ ಪ್ರಮಾಣದಲ್ಲಿ, ಹೊರಹಾಕುವ ಶಕ್ತಿ. ಚಾವಣಿಯ ಕೊರತೆಯನ್ನು ಏಸಿ ತಿಂಗಳ ಕರೆಂಟ್ ಬಿಲ್ಲಿನ ಮೂಲಕ ತುಂಬಿಕೊಡುತ್ತಿದೆ ಎಂದರೆ ತಪ್ಪಾಗದು.

ಯಂತ್ರದ ಒಳಗೆ ನಡೆಯುವುದು ಇಷ್ಟು: ಕೋಣೆಯೊಳಗಿನ ಸುರುಳಿಯಲ್ಲಿ ದ್ರವವು ಅನಿಲವಾಗುತ್ತ ಶಾಖ ಹೀರುತ್ತದೆ, ಕಂಪ್ರೆಸರ್ ಅದನ್ನು ಒತ್ತಿ ಹೊರಘಟಕಕ್ಕೆ ಕಳಿಸುತ್ತದೆ, ಅಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಈ ಸೀಮೆಯಲ್ಲಿ ಈ ಚಕ್ರವನ್ನು ಕೆಡಿಸುವ ಮೊದಲ ಶತ್ರು ಧೂಳು. ಒಳಗಿನ ಜಾಲರಿ ಕಟ್ಟಿಕೊಂಡರೆ ಗಾಳಿ ಸಾಲದೆ ಸುರುಳಿಯ ಮೇಲೆ ಮಂಜು ಕೂರುತ್ತದೆ. ಹೊರಘಟಕದ ರೆಕ್ಕೆಗಳಲ್ಲಿ ಧೂಳು ತುಂಬಿದರೆ ಶಾಖ ಹೊರಹೋಗದೆ ಕಂಪ್ರೆಸರ್ ಕಾದು ತಾನೇ ನಿಲ್ಲುತ್ತದೆ. ಎರಡಕ್ಕೂ ಮದ್ದು ತೊಳೆಯುವುದು: ಜಾಲರಿಯನ್ನು ಮನೆಯವರೇ, ಸುರುಳಿಯನ್ನು ಮೆಕ್ಯಾನಿಕ್ ನೀರಿನ ಜೆಟ್ ಪಂಪಿನಿಂದ. ಕೋಣೆಯೊಳಗೆ ನೀರು ತೊಟ್ಟಿಕ್ಕುತ್ತಿದ್ದರೆ ಬಹಳ ಸಲ ದೋಷ ಇರುವುದು ಡ್ರೈನ್ ಪೈಪಿನಲ್ಲಿ. ಧೂಳು, ಪಾಚಿ ಸೇರಿ ಕಟ್ಟಿದ ಪೈಪನ್ನು ಊದಿ ಬಿಡಿಸಿ, ಇಳಿಜಾರು ಸರಿಮಾಡಿದರೆ ಸೋರಿಕೆ ನಿಲ್ಲುತ್ತದೆ. ಮಾಳಿಗೆಯ ದೋಣಿಗೆ ಮಾಡುತ್ತಿದ್ದುದೂ ಇದನ್ನೇ.

ಎರಡನೆಯದು ಮೋಟಾರುಗಳನ್ನು ಸುಡುವ ವೋಲ್ಟೇಜಿನ ಏರಿಳಿತ. ಬೋರ್‌ವೆಲ್ ಪಂಪ್‌ಸೆಟ್ಟುಗಳು ಹೆಚ್ಚಿದ ಈ ತಾಲ್ಲೂಕುಗಳಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿಗಳು ಬಹುಹಿಂದೆಯೇ ಬೇರೂರಿದ್ದವು. ಕೆಪಾಸಿಟರ್, ಅಂದರೆ ಮೋಟಾರು ತಿರುಗಲಾರಂಭಿಸಲು ನೂಕು ಕೊಡುವ ಸಣ್ಣ ಡಬ್ಬಿ, ಕೆಟ್ಟಿದೆಯೇ ಎಂದು ಗುರುತಿಸುವ ಪಂಪ್‌ಸೆಟ್ ಮೆಕ್ಯಾನಿಕ್ಕನಿಗೆ ಏಸಿಯ ಅರ್ಧ ವಿದ್ಯೆ ಆಗಲೇ ಬಂದಂತಾಯಿತು. ಕಂಪ್ರೆಸರ್ ಗುಂಯ್ ಎಂದು ನರಳಿ ನಿಂತರೆ ಮೊದಲು ನೋಡಬೇಕಾದದ್ದು ಅದೇ ಡಬ್ಬಿ.

ಮೂರನೆಯದು ಸುರುಳಿಗಳಲ್ಲಿ ಸುತ್ತುವ ಆ ಅನಿಲದ, ಅಂದರೆ ಗ್ಯಾಸಿನ, ಸೋರಿಕೆ. ಕೆಲಸದ ಗುಣ ಬಯಲಾಗುವುದು ಇಲ್ಲಿಯೇ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ, ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ವರ್ಷಕ್ಕೊಮ್ಮೆ ಗ್ಯಾಸ್ ತುಂಬುವುದು ದುರಸ್ತಿಯಲ್ಲ. ಒಳ್ಳೆಯ ಮೆಕ್ಯಾನಿಕ್ ಕೊಳವೆಗೆ ನೈಟ್ರೋಜನ್ ಒತ್ತಡ ಕೊಟ್ಟು, ಬೆಸುಗೆಗಳ ಮೇಲೂ ನಟ್ಟುಗಳ ಮೇಲೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವ ಜಾಗವನ್ನು ಗುರುತಿಸಿ ಬೆಸೆಯುತ್ತಾನೆ. ಅನಂತರ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವಗಳನ್ನು ಎಳೆದು ತೆಗೆದು, ಗ್ಯಾಸನ್ನು ತೂಕ ಮಾಡಿ ತುಂಬುತ್ತಾನೆ.

ಈ ಕಸುಬಿಗೆ ದೂರದ ಒಪ್ಪಂದಗಳ ಬಿಸಿಯೂ ತಟ್ಟಿದೆ. ಓಜೋನ್ ಪದರದ ರಕ್ಷಣೆಗಾಗಿ 1987ರಲ್ಲಿ ರೂಪುಗೊಂಡ ಮಾಂಟ್ರಿಯಲ್ ಒಪ್ಪಂದವನ್ನು ಭಾರತ 1992ರಲ್ಲಿ ಸೇರಿದ್ದರಿಂದ, ಬಹುಕಾಲ ಬಳಕೆಯಲ್ಲಿದ್ದ ಆರ್-22 ಅನಿಲ ಹಿಂದೆ ಸರಿಯುತ್ತ ಆರ್-410ಎ, ಆರ್-32, ಆರ್-290 ಮುಂದೆ ಬಂದವು. ಆರ್-410ಎ, ಆರ್-32 ಯಂತ್ರಗಳಲ್ಲಿ ಒತ್ತಡ ಆರ್-22ಕ್ಕಿಂತ ಬಹಳ ಹೆಚ್ಚು, ಕಂಪ್ರೆಸರಿನ ಎಣ್ಣೆಯೂ ಬೇರೆ. ಆರ್-32 ಅಲ್ಪಸ್ವಲ್ಪ ಉರಿಯಬಲ್ಲದು, ಪ್ರೊಪೇನ್ ಆದ ಆರ್-290 ಅಡುಗೆ ಗ್ಯಾಸಿನಂತೆಯೇ ಉರಿಯುತ್ತದೆ. ಆರ್-22ರ ಮೇಲೆ ಕೈ ಪಳಗಿಸಿಕೊಂಡವರು ಒತ್ತಡ ಅಳೆಯುವ ಹಳೆಯ ಗೇಜನ್ನೇ ಜೋಡಿಸಿ, ಕೊಳವೆಯಲ್ಲಿ ಅನಿಲ ಉಳಿದಿರುವಾಗಲೇ ಬೆಸುಗೆಯ ಜ್ವಾಲೆ ಹಿಡಿದರೆ ಅಪಾಯ ಮನೆಯವರಿಗಿಂತ ಮೊದಲು ಅವರಿಗೇ. ಐಟಿಐಗಳಲ್ಲಿ ಶೀತಲೀಕರಣ ಮತ್ತು ಹವಾನಿಯಂತ್ರಣದ ವೃತ್ತಿ ಶಿಕ್ಷಣ ಇದೆ, ಆದರೂ ಸಣ್ಣ ಊರುಗಳಲ್ಲಿ ಈ ವಿದ್ಯೆ ಹೆಚ್ಚಾಗಿ ದಾಟಿ ಬಂದಿರುವುದು ಅಂಗಡಿಯ ಹಿರಿಯನಿಂದ ಹುಡುಗನಿಗೆ. ಹೊಸ ಅನಿಲಗಳ ಎಚ್ಚರ ಆ ಅಂಗಡಿಗಳಿಗೆ ಕನ್ನಡದಲ್ಲಿ, ಕೈಕೆಲಸದ ಮೂಲಕವೇ ತಲುಪಬೇಕಾಗಿದೆ.