ದುಡಿಯುವ ಗಂಡಸರು ಎಷ್ಟು ಮಂದಿ? ಭಾರತದ ಗಣತಿ ಅಂಕಿಗಳ ಮರುಪರಿಶೀಲನೆ

1961ರ ಜನಗಣತಿಯ ಪ್ರಕಾರ ಭಾರತದ ನೂರು ಗಂಡಸರಲ್ಲಿ 57 ಮಂದಿ ದುಡಿಯುವವರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಸಂಖ್ಯೆ 53ರ ಆಸುಪಾಸಿಗೆ ಇಳಿದಿತ್ತು. ಈ ನಡುವೆ ಹೊಲಗಳೇನೂ ಬೀಳುಬಿದ್ದಿರಲಿಲ್ಲ. ಮುಖ್ಯವಾಗಿ ಬದಲಾದದ್ದು ಗಣತಿದಾರ ಮನೆಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆ. 1961ರಲ್ಲಿ ಬೇಸಾಯದಂಥ ಹಂಗಾಮಿನ ಕೆಲಸವಾದರೆ, ಹಂಗಾಮಿನ ಬಹುಭಾಗ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕ್ರಮವಾಗಿ ದುಡಿದಿದ್ದರೆ ಸಾಕಿತ್ತು. 1971ರಲ್ಲಿ ಕೇಳಿದ್ದು ಮುಖ್ಯ ಚಟುವಟಿಕೆ ಯಾವುದು ಎಂದು. ಹಗಲು ಶಾಲೆಗೆ ಹೋಗಿ ಸಂಜೆ ದನ ಕಾಯುವ ಹುಡುಗ ಮೊದಲ ಲೆಕ್ಕದಲ್ಲಿ ಕೆಲಸಗಾರನಾದರೆ ಎರಡನೆಯದರಲ್ಲಿ ವಿದ್ಯಾರ್ಥಿ. ಹೆಂಗಸರ ಅಂಕಿಯಂತೂ ಅದೇ ದಶಕದಲ್ಲಿ ಅರ್ಧದಷ್ಟು ಕುಸಿಯಿತು.

ಹೆಂಗಸರ ಅಂಕಿಯ ಇಂಥ ಏರಿಳಿತಕ್ಕೆ ಹೆದರಿಯೇ ಆರ್ಥಿಕ ಇತಿಹಾಸಕಾರರು ಗಂಡಸರ ಲೆಕ್ಕಕ್ಕೆ ಅಂಟಿಕೊಂಡರು. ಇವರಲ್ಲಿ ಪ್ರಮುಖ ಡೇನಿಯಲ್ ಥಾರ್ನರ್. ಅಮೆರಿಕದಲ್ಲಿ ಕಮ್ಯೂನಿಸ್ಟ್ ಬೇಟೆಯ ಕಾಲದಲ್ಲಿ ಅಧ್ಯಾಪಕ ಹುದ್ದೆ ಕಳೆದುಕೊಂಡು 1950ರ ದಶಕವನ್ನು ಬಹುಪಾಲು ಭಾರತದಲ್ಲೇ ಕಳೆದ ಈ ವಿದ್ವಾಂಸ, 1881ರಿಂದ 1931ರವರೆಗಿನ ಗಣತಿಗಳನ್ನು ಹೊಸದಾಗಿ ಓದಿದರು. ದೇಶದ ಕೈಗಾರಿಕೆ ಆ ಅವಧಿಯಲ್ಲಿ ಕುಸಿಯಿತೇ ಎಂಬುದು ಅವರ ಪ್ರಶ್ನೆ. ನೇಕಾರನ ಹೆಂಡತಿಯನ್ನು ಒಂದು ಗಣತಿ ನೇಕಾರಳೆಂದೂ ಇನ್ನೊಂದು ಅವಲಂಬಿತಳೆಂದೂ ಬರೆದುಕೊಂಡರೆ ಹೋಲಿಕೆಯೇ ಮುರಿದುಬೀಳುತ್ತದೆ. ಹಾಗಾಗಿ ಅವರು ಗಂಡಸರ ಅಂಕಿಯನ್ನೇ ನೆಚ್ಚಿದರು. ಅದರಲ್ಲೂ ತೊಡಕಿತ್ತು. ‘ಕೂಲಿ’ ಎಂದಷ್ಟೇ ಉತ್ತರಿಸಿದವನು ಯಾರ ಗದ್ದೆಯಲ್ಲಿ, ಯಾವ ಕಟ್ಟಡದಲ್ಲಿ ದುಡಿದನೋ ತಿಳಿಯುವುದಿಲ್ಲ. ಅಂಥವರನ್ನು ಬೇಸಾಯದವರ ಜೊತೆಗೆ, ತಯಾರಿಕೆಯವರನ್ನು ವ್ಯಾಪಾರಿಗಳ ಜೊತೆಗೆ ಕೂಡಿಸಿ ನೋಡಿದಾಗ ಗಂಡಸರ ಉದ್ಯೋಗ ಹಂಚಿಕೆ ಐವತ್ತು ವರ್ಷ ಹೆಚ್ಚುಕಡಿಮೆ ಅಲುಗದೆ ನಿಂತಿತ್ತು. ಆ ಸಾಲಿನಲ್ಲಿ 1891ಕ್ಕೆ ಜಾಗವಿಲ್ಲ. ಆ ಗಣತಿ ದುಡಿಯುವವರನ್ನಲ್ಲ, ಒಂದೊಂದು ಕಸುಬನ್ನು ನೆಚ್ಚಿ ಬದುಕುವವರನ್ನೆಲ್ಲ ಎಣಿಸಿತ್ತು.

ಗಂಡಸರ ಅಂಕಿ ಗಟ್ಟಿ ಎಂಬ ಈ ನಂಬಿಕೆಯನ್ನು ಇತ್ತೀಚಿನ ದಶಕಗಳಿಗೂ ಹಾಗೆಯೇ ಹೊಂದಿಸುವುದು ತಪ್ಪು. 1981ರ ಗಣತಿ ವರ್ಷಕ್ಕೆ 183 ದಿನದ ಗೆರೆ ಎಳೆಯಿತು. ಅಷ್ಟು ದಿನ ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರರು. 1991ರಲ್ಲಿ ನೂರು ಗಂಡಸರಲ್ಲಿ ಈ ಎರಡನೆಯ ಗುಂಪಿನವರು ಒಬ್ಬರಷ್ಟೂ ಇರಲಿಲ್ಲ. 2001ರಲ್ಲಿ ಆರಕ್ಕಿಂತ ಹೆಚ್ಚು, 2011ರಲ್ಲಿ ಒಂಬತ್ತಕ್ಕಿಂತ ಹೆಚ್ಚು! ಈ ಇಪ್ಪತ್ತು ವರ್ಷಗಳಲ್ಲಿ ಒಟ್ಟು ಪಾಲು ಮಾತ್ರ 51.6ರಿಂದ 53.3ಕ್ಕೆ ಏರಿ, ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. 2011ರ ಸುಮಾರು 33.2 ಕೋಟಿ ದುಡಿಯುವ ಗಂಡಸರಲ್ಲಿ 5.9 ಕೋಟಿಯಷ್ಟು ಮಂದಿಗೆ ವರ್ಷದ ಅರ್ಧದಷ್ಟೂ ಕೆಲಸವಿರಲಿಲ್ಲ. ಗಣತಿದಾರರು ಇಂಥ ಕೆಲಸವನ್ನು ಹಿಂದಿಗಿಂತ ಚೆನ್ನಾಗಿ ಕೆದಕಿ ಕೇಳಿದ್ದೂ ಒಂದು ಕಾರಣವಿರಬಹುದು. ಅದನ್ನು ಒಪ್ಪಿದರೂ, ಒಟ್ಟು ಸಂಖ್ಯೆಯೊಂದನ್ನೇ ಹಿಡಿದು ‘ಸ್ಥಿರತೆ’ಯ ಮಾತಾಡುವುದು ಆ ಕೋಟಿಗಟ್ಟಲೆ ಜನರನ್ನು ಮರೆತಂತೆ.

ಛೇದವೂ ಅಷ್ಟೇ ಮುಖ್ಯ. ಗಣತಿಯ 53.3 ತೊಟ್ಟಿಲ ಕೂಸಿನಿಂದ ಮುದುಕನವರೆಗೆ ಎಲ್ಲ ಗಂಡುಗಳನ್ನೂ ಸೇರಿಸಿ ತೆಗೆದ ಪಾಲು. ಹೆಚ್ಚುಕಡಿಮೆ ಅದೇ ಹೊತ್ತಿನ, 2011-12ರ ರಾಷ್ಟ್ರೀಯ ಮಾದರಿ ಸಮೀಕ್ಷೆ 15 ವರ್ಷ ದಾಟಿದವರನ್ನಷ್ಟೇ ನೋಡಿದಾಗ ಸಿಕ್ಕದ್ದು ಸುಮಾರು 80. ಇದರಲ್ಲಿ ಕೆಲಸ ಹುಡುಕುತ್ತಿರುವವರೂ ಸೇರಿದ್ದಾರೆ. ಗಣತಿಯ ಕೆಲಸಗಾರರ ಕೋಷ್ಟಕದಲ್ಲಿ ನಿರುದ್ಯೋಗಿಗೆ ಸ್ಥಾನವಿಲ್ಲ, ಆದರೆ ಶ್ರಮಬಲ ಎಂಬ ಮಾತು ಅವನನ್ನೂ ಒಳಗೊಳ್ಳುತ್ತದೆ. ಎಂ. ಎಲ್. ದಾಂತ್ವಾಲಾ ಅಧ್ಯಕ್ಷತೆಯ ತಜ್ಞರ ಸಮಿತಿ 1970ರಲ್ಲಿ ವರದಿ ಕೊಟ್ಟ ಮೇಲೆ ಸಮೀಕ್ಷೆಗಳು ವರ್ಷ, ವಾರ, ದಿನ ಎಂಬ ಮೂರು ಅಳತೆಗಳಲ್ಲಿ ಎಣಿಸತೊಡಗಿದವು. 1972-73ರಿಂದ ಸಿಗುವ ಸರಣಿಗೆ ಅದೇ ಬುನಾದಿ.

2017-18ರಲ್ಲಿ ಶುರುವಾದ ನಿಯತಕಾಲಿಕ ಶ್ರಮಬಲ ಸಮೀಕ್ಷೆಯ ಪ್ರಕಾರ 15 ದಾಟಿದ ಗಂಡಸರ ಶ್ರಮಬಲದ ಪಾಲು ಆ ವರ್ಷ 75.8, 2023-24ರಲ್ಲಿ 78.8. 2025ರಿಂದ ತಿಂಗಳ ಅಂದಾಜೂ ಬರುತ್ತಿದೆ. ಇವೆಲ್ಲ ನೂರಕ್ಕೆ ಎಷ್ಟು ಎಂಬ ಲೆಕ್ಕ. ಒಟ್ಟು ಎಷ್ಟು ಕೋಟಿ ಎಂದು ತಿಳಿಯಲು ಈ ಪಾಲನ್ನು ಜನಸಂಖ್ಯೆಯಿಂದ ಗುಣಿಸಬೇಕು. 2021ರ ಜನಗಣತಿ ನಡೆಯಲೇ ಇಲ್ಲವಾದ್ದರಿಂದ ಸಂಶೋಧಕರ ಕೈಯಲ್ಲಿರುವುದು 2011ರ ಎಣಿಕೆಯ ಮೇಲೆ ಕಟ್ಟಿದ ಮುನ್ನಂದಾಜು. ಮುಂದಿನ ಗಣತಿಗೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1.