ದೊಡ್ಡರೋಗ ಮತ್ತು ಬಿಳಿ ರಕ್ತಕಣ: ದನದ ಮೈಯಲ್ಲಿ ಓದಬಹುದಾದ ಒಂದು ಚರಿತ್ರೆ

ಕಿಬ್ಬನಹಳ್ಳಿ ಕ್ರಾಸಿನ ಸುತ್ತಲಿನ ಸೀಮೆಯನ್ನು ಇಂದು ತೆಂಗು, ಕೊಬ್ಬರಿಗಳಿಂದಲೇ ಗುರುತಿಸುತ್ತೇವೆ. ಆದರೆ ಇದು ದನದ ಸೀಮೆಯೂ ಹೌದು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಅಮೃತಮಹಲ್ ತಳಿಯನ್ನೂ ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಹಳ್ಳಿಕಾರ್ ತಳಿಯನ್ನೂ ಸರ್ಕಾರ ಸಾಕುತ್ತ ಬಂದಿದೆ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಾಗಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡ ಈ ದನಗಳ ಬಗ್ಗೆ ಬರೆದವರು ಹೆಚ್ಚಾಗಿ ಅವುಗಳ ನಡಿಗೆ, ಕೊಂಬು, ದಂಡಿನ ಸಾಗಾಟಗಳನ್ನು ಕುರಿತು ಬರೆದಿದ್ದಾರೆ. ಅವುಗಳ ರಕ್ತದ ಮಾತನ್ನು ಎತ್ತಿದವರು ಕಡಿಮೆ. ರೋಗದೊಡನೆ ಹೋರಾಡುವ ಕಣಗಳು ಎಲ್ಲಿ ಹುಟ್ಟುತ್ತವೆ, ಏನು ಮಾಡುತ್ತವೆ ಎಂಬ ತಿಳಿವಿನ ಚರಿತ್ರೆಯನ್ನು ಪಶುರೋಗದ ಚರಿತ್ರೆಯಿಂದ ಬಿಡಿಸಿ ಓದಿದರೆ ಅರ್ಧ ಮಾತ್ರ ಸಿಗುತ್ತದೆ ಎಂಬುದು ನನ್ನ ವಾದ.

ಆ ರೋಗ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್. ಜ್ವರ, ಬಾಯಿಹುಣ್ಣು, ನಿಲ್ಲದ ಭೇದಿ. 1890ರ ದಶಕದಲ್ಲಿ ಅದು ಆಫ್ರಿಕದ ದಕ್ಷಿಣ ಭಾಗಕ್ಕೆ ನುಗ್ಗಿದಾಗ ಅನೇಕ ಕಡೆ ಹತ್ತರಲ್ಲಿ ಎಂಟೊಂಬತ್ತು ದನ ಸತ್ತವು. ಬದುಕುಳಿದ ದನದ ರಕ್ತದಿಂದ ಬಸಿದ ಸೀರಂ ಬೇರೆ ದನವನ್ನು ಕಾಯುತ್ತದೆ ಎಂಬುದು ಅದೇ ಕಾಲದಲ್ಲಿ ಅಲ್ಲಿ ಖಚಿತವಾಯಿತು. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1920ರ ದಶಕದ ನಡುವಿಗೆ, ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಕೆಲಸ ಆರಂಭಿಸಿತು. ಅದರ ಮೊದಲ ಹೊಣೆಯೇ ದೊಡ್ಡರೋಗದ ಸೀರಂ ತಯಾರಿಕೆ.

ಇಲ್ಲಿ ಗಮನಿಸಬೇಕಾದದ್ದು ಕಾಲಕ್ರಮ. ಸೀರಂ ಸೀಸೆಗೆ ಇಳಿದಾಗಲೂ ಅದರೊಳಗಿನ ಪ್ರತಿಕಾಯವನ್ನು ಮೈಯ ಯಾವ ಕಣ ತಯಾರಿಸುತ್ತದೆ ಎಂಬುದು ಇತ್ಯರ್ಥವಾಗಿರಲಿಲ್ಲ. ಇಲ್ಯಾ ಮೆಚ್ನಿಕಾಫ್ 1882ರಲ್ಲಿ ಸಿಸಿಲಿಯ ಮೆಸೀನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದನ್ನು ಸುತ್ತುವರಿದ ಭಕ್ಷಕ ಕಣಗಳನ್ನು ಕಂಡಿದ್ದ. ಪೌಲ್ ಎರ್ಲಿಕ್ ಬಣ್ಣ ಹಾಕಿ ಬಿಳಿ ರಕ್ತಕಣಗಳ ಜಾತಿಗಳನ್ನು ಬೇರ್ಪಡಿಸಿದ್ದರೂ, ರಕ್ಷಣೆಯ ಮೂಲವನ್ನು ಸೀರಂನಲ್ಲಿ ಹುಡುಕಿದ. 1908ರಲ್ಲಿ ನೊಬೆಲ್ ಇಬ್ಬರಿಗೂ ಹಂಚಿಹೋಯಿತು, ರಕ್ಷಣೆ ಕಣದ್ದೋ ಸೀರಂನದ್ದೋ ಎಂಬ ಜಗಳ ಮುಗಿಯಲಿಲ್ಲ. ಪ್ರತಿಕಾಯ ಹೊರಬರುವುದು ಪ್ಲಾಸ್ಮಾ ಕಣಗಳಿಂದ ಎಂದು ಸ್ವೀಡನ್ನಿನ ಆಸ್ಟ್ರಿಡ್ ಫಾಗ್ರೇಯಸ್ ತೋರಿಸಿದ್ದು 1948ರಲ್ಲಿ. ಅಷ್ಟರಲ್ಲಿ ಎರಡು ದಶಕ ನಮ್ಮ ದನಗಳು ಆ ಕಣದ ಫಲವನ್ನು ಉಂಡಿದ್ದವು.

ಎರವಲು ಪ್ರತಿಕಾಯದ ದೌರ್ಬಲ್ಯವೆಂದರೆ ಅದು ಬೇಗ ಸವೆಯುತ್ತದೆ. ಆದ್ದರಿಂದಲೇ ಸೀರಂ ಜೊತೆಗೆ ರೋಗದ ರಕ್ತವನ್ನೂ ಚುಚ್ಚುವ ಅಪಾಯದ ಪದ್ಧತಿ ಬಂತು: ಸೀರಂ ತಡೆ ಹಿಡಿದಿರುವಷ್ಟರಲ್ಲಿ ದನದ ಸ್ವಂತ ಕಣಗಳು ಪಾಠ ಕಲಿಯಬೇಕಿತ್ತು. ಎರವಲು ಪ್ರತಿಕಾಯಕ್ಕೆ ಹಟ್ಟಿಯಲ್ಲೇ ಒಂದು ನಿತ್ಯದ ಉದಾಹರಣೆಯಿದೆ. ಹಸುವಿನ ಗರ್ಭದಲ್ಲಿ ತಾಯಿಯ ಪ್ರತಿಕಾಯ ಕರುವಿಗೆ ದಾಟುವುದಿಲ್ಲ. ಅದು ಸಿಗುವುದು ಗಿಣ್ಣದ ಹಾಲಿನಿಂದ. ಅದೂ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ. ಒಂದು ದಿನ ಕಳೆಯುವಷ್ಟರಲ್ಲಿ ಕರುವಿನ ಕರುಳು ಆ ಬಾಗಿಲನ್ನು ಬಹುತೇಕ ಮುಚ್ಚಿಬಿಡುತ್ತದೆ. ಗಿಣ್ಣು ಬೇಯಿಸಿ ನೆಂಟರಿಗೆ ಹಂಚುವ ಸಂಭ್ರಮ ನನಗೂ ಪ್ರಿಯವೇ. ಆದರೆ ಕರು ಹೊಟ್ಟೆ ತುಂಬ ಕುಡಿದ ಮೇಲೆ ಉಳಿದದ್ದು ಮಾತ್ರ ಒಲೆಗೆ ಹೋಗಬೇಕು.

ಕಣಗಳ ಹುಟ್ಟಿನ ಪ್ರಶ್ನೆಗೆ ಉತ್ತರ ಹೊಳೆದದ್ದು ಕೋಳಿಯಿಂದ. ಕೋಳಿಯ ಗುದದ್ವಾರದ ಬಳಿ ಬರ್ಸಾ ಎಂಬ ಪುಟ್ಟ ಚೀಲವಿದೆ. ಅಮೆರಿಕದ ಓಹಿಯೋದಲ್ಲಿ ಬ್ರೂಸ್ ಗ್ಲಿಕ್ ಅದನ್ನು ಎಳೆಯ ಮರಿಗಳಿಂದ ತೆಗೆದಿದ್ದ. ಮುಂದೆ ತರಗತಿಯ ಪ್ರಯೋಗಕ್ಕೆ ಆ ಕೋಳಿಗಳನ್ನು ಬಳಸಿದಾಗ ಹೆಚ್ಚಿನವುಗಳಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ. 1956ರಲ್ಲಿ ಇದು ಅಚ್ಚಾದದ್ದು ಕೋಳಿ ವಿಜ್ಞಾನದ ಪತ್ರಿಕೆಯಲ್ಲಿ. ಇಷ್ಟು ದೊಡ್ಡ ಸಂಗತಿ ವರ್ಷಗಟ್ಟಲೆ ವೈದ್ಯರ ಕಣ್ಣಿಗೆ ಬೀಳದೆ ಉಳಿಯಲು ಅದೂ ಒಂದು ಕಾರಣ. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್, ಆಗತಾನೇ ಹುಟ್ಟಿದ ಇಲಿಮರಿಯ ಎದೆಯೊಳಗಿನ ಥೈಮಸ್ ಗ್ರಂಥಿ ತೆಗೆದರೆ ಅದು ಪರಕೀಯ ಚರ್ಮವನ್ನೂ ತಳ್ಳಿಹಾಕದು ಎಂದು ತೋರಿಸಿದ. ಬರ್ಸಾದಿಂದ ‘ಬಿ’, ಥೈಮಸ್‌ನಿಂದ ‘ಟಿ’. ಬಿ ಕಣದ ಪೀಳಿಗೆ ಪ್ರತಿಕಾಯ ಸುರಿಸುತ್ತದೆ. ಟಿ ಕಣಗಳಲ್ಲಿ ಕೆಲವು ಸೋಂಕಿದ ಕಣವನ್ನು ಕೊಲ್ಲುತ್ತವೆ, ಕೆಲವು ಉಳಿದವನ್ನು ಹುರಿದುಂಬಿಸುತ್ತವೆ. ಎರಡಕ್ಕೂ, ಭಕ್ಷಕ ಕಣಗಳಿಗೂ, ತವರು ಮೂಳೆಯೊಳಗಿನ ಮಜ್ಜೆ. ಅದೇ 1961ರಲ್ಲಿ ಕೆನಡಾದ ಟಿಲ್ ಮತ್ತು ಮೆಕಲಕ್ ಮಜ್ಜೆಯ ಆಕರ ಕೋಶಗಳಿಗೆ ಮೊದಲ ಪ್ರಾಯೋಗಿಕ ಸಾಕ್ಷ್ಯ ಕೊಟ್ಟರು.

ಕುರಿಗೆ ಬರ್ಸಾ ಇಲ್ಲ. ಅದರ ಸಣ್ಣಕರುಳಿನ ಕೊನೆಯ ಭಾಗದಲ್ಲಿರುವ ಪೇಯರ್ ತೇಪೆಗಳು ಎಳವೆಯಲ್ಲಿ ಬಿ ಕಣಗಳನ್ನು ಬೆಳೆಸುವ ಮುಖ್ಯ ತಾಣ ಎಂಬುದು 1980ರ ದಶಕದಲ್ಲಿ ತಿಳಿಯಿತು. ದೊಡ್ಡರೋಗದಲ್ಲಿ ಸತ್ತ ದನದ ಹೊಟ್ಟೆ ಸೀಳಿದ ಪಶುವೈದ್ಯರು ಮತ್ತೆ ಮತ್ತೆ ಕಂಡಿದ್ದೂ ಇವೇ ತೇಪೆಗಳು ಕೊಳೆತು ಕಪ್ಪಾಗಿರುವುದನ್ನು. ಕಾರಣ ಆಮೇಲೆ ತಿಳಿಯಿತು. ದೊಡ್ಡರೋಗ, ದಡಾರ, ನಾಯಿಯ ಡಿಸ್ಟೆಂಪರ್ ಒಂದೇ ಕುಲದ ವೈರಾಣುಗಳು. ರಕ್ಷಕ ಕಣಗಳ ಮೈಮೇಲಿನ ‘ಸ್ಲ್ಯಾಮ್’ ಎಂಬ ಅಣುವನ್ನೇ ಹಿಡಿದು ಅವು ಒಳಹೋಗುತ್ತವೆಂದು 2001ರಲ್ಲಿ ಜಪಾನಿನ ಸಂಶೋಧಕರು ಸಾಬೀತುಪಡಿಸಿದರು. ಕಾವಲುಗಾರನ ಕೊರಳೇ ಕಳ್ಳನಿಗೆ ಹಿಡಿಕೆ. ಬಿಳಿ ಕಣಗಳು ಕುಸಿದ ಮೇಲೆ, ಮೈಯಲ್ಲಿ ಅದುಮಿಟ್ಟಿದ್ದ ಬೇರೆ ರೋಗಗಳೂ ತಲೆಯೆತ್ತುತ್ತಿದ್ದವು.

ಕೆನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಕರುವಿನ ಮೂತ್ರಪಿಂಡದ ಕೋಶಗಳಲ್ಲಿ ವೈರಾಣುವನ್ನು ಸುಮಾರು 90 ಬಾರಿ ದಾಟಿಸಿ ಪಳಗಿಸಿದ. 1960ರ ದಶಕದ ಆ ಲಸಿಕೆಯ ಒಂದೇ ಚುಚ್ಚುಮದ್ದು ದನದ ಆಯುಸ್ಸಿಗೆ ಸಾಕಾಗುತ್ತಿತ್ತು. ಆದರೆ ಎಳೆಗರುವಿನಲ್ಲಿ ಗಿಣ್ಣದ ಪ್ರತಿಕಾಯವೇ ಲಸಿಕೆಯನ್ನು ಅಳಿಸಿಹಾಕುತ್ತಿದ್ದುದರಿಂದ ದೊಡ್ಡದಾದ ಮೇಲೆ ಮತ್ತೆ ಹಾಕಬೇಕಾಗುತ್ತಿತ್ತು. 1954ರಲ್ಲಿ ಭಾರತ ಆರಂಭಿಸಿದ ನಿರ್ಮೂಲನಾ ಕಾರ್ಯ 1995ರಲ್ಲಿ ಕೊನೆಯ ಪ್ರಕರಣ ಕಂಡಿತು. 2011ರಲ್ಲಿ ಜಗತ್ತೇ ಮುಕ್ತವಾಯಿತು. ಸಿಡುಬಿನ ನಂತರ ಭೂಮಿಯಿಂದ ಅಳಿದ ಎರಡನೆಯ ರೋಗವಿದು.

ವೈರಾಣು ಕಣ್ಮರೆಯಾದ ಮೇಲೂ ದನದ ಮೈ ಅದನ್ನು ನೆನಪಿಟ್ಟುಕೊಂಡದ್ದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೊಡ್ಡರೋಗದ ವೈರಾಣುವನ್ನೇ ಬಹುಕಾಲ ಅಭ್ಯಸಿಸಿದ ಎಂ.ಎಸ್. ಶೈಲಾ, ಆರ್. ನಾಯಕ್ ಮತ್ತು ಎಸ್. ಮಿತ್ರ ಕೌಶಿಕ್ ಅವರೊಡನೆ 2001ರಲ್ಲಿ ಒಂದು ಊಹೆ ಮುಂದಿಟ್ಟರು. ಪ್ರತಿಕಾಯಕ್ಕೆ ಪ್ರತಿಯಾಗಿ ಹುಟ್ಟುವ ಇನ್ನೊಂದು ಕಣಸಮೂಹ ಮೂಲ ವೈರಾಣುವಿನ ತುಣುಕನ್ನೇ ಹೋಲುತ್ತದೆ. ವೈರಾಣು ಇಲ್ಲದಿದ್ದರೂ ಆ ಹೋಲಿಕೆಯೇ ಪಾಠವನ್ನು ಕಣಗಳ ಪೀಳಿಗೆಯಿಂದ ಪೀಳಿಗೆಗೆ ದಾಟಿಸುತ್ತದೆ ಎಂಬುದು ಅದರ ಸಾರ. ಪಾಠ್ಯಪುಸ್ತಕಗಳು ದೀರ್ಘಾಯುಷಿ ಸ್ಮರಣ ಕಣಗಳಿಗೇ ಹೆಚ್ಚು ಒತ್ತು ಕೊಡುತ್ತವೆ. ಆದರೂ ಈ ನೆಲದ ರೋಗವೊಂದರ ಅಭ್ಯಾಸದಿಂದ ಇಂಥ ಮೂಲ ಪ್ರಶ್ನೆ ಎದ್ದದ್ದು ದಾಖಲಾಗಬೇಕಾದ ಸಂಗತಿ.

ದೊಡ್ಡರೋಗ ಅಳಿದರೂ ಅದರ ಕುಲದ ಪಿ.ಪಿ.ಆರ್. ವೈರಾಣು ಇಂದಿಗೂ ಕುರಿ ಮೇಕೆಗಳಲ್ಲಿದೆ. ಅದು ಹಿಡಿಯುವುದೂ ಅದೇ ಸ್ಲ್ಯಾಮ್ ಅಣುವನ್ನು. 2030ರೊಳಗೆ ಅದನ್ನು ಅಳಿಸುವುದು ಜಾಗತಿಕ ಗುರಿ. ಚಿಕ್ಕನಾಯಕನಹಳ್ಳಿ ಕಡೆಯ ಬಯಲುಗಳಲ್ಲಿ ಮೇಯುವ ಮಂದೆಗಳಿಗೂ ಪಿ.ಪಿ.ಆರ್. ಲಸಿಕೆ ತಲುಪಬೇಕಿದೆ.